ಲೆಕ್ಕದಲ್ಲಿ ಕಾಣದ ರೋಗಿ

ಪ್ರತಿಯೊಬ್ಬ ರೋಗಿಯ ವಂಶಗುಣ, ಪರಿಸರ, ಜೀವನಕ್ರಮಗಳನ್ನು ಅರಿತು ಅವನಿಗೆ ತಕ್ಕ ಚಿಕಿತ್ಸೆ ನೀಡುವ ಪದ್ಧತಿಗೆ ನಿಖರ ವೈದ್ಯವೆಂದು ಹೆಸರು. ಇದಕ್ಕಾಗಿ ಲಕ್ಷಾಂತರ ಜನರ ಆರೋಗ್ಯದ ವಿವರಗಳನ್ನು ಗಣಕಯಂತ್ರದ ನೆರವಿನಿಂದ ಪರಿಶೀಲಿಸುವವರೇ ವೈದ್ಯಕೀಯ ದತ್ತಾಂಶ ವಿಜ್ಞಾನಿಗಳು. ಗಣಿತವೊಂದನ್ನೇ ಕಲಿತರೆ ಅವರ ಶಿಕ್ಷಣ ಪೂರ್ಣವಾಗದು ಎಂಬುದಕ್ಕೆ ಅಮೆರಿಕದ ಒಂದು ನಿದರ್ಶನವಿದೆ.

ಹೆಚ್ಚಿನ ಆರೈಕೆ ಬೇಕಾದ ರೋಗಿಗಳನ್ನು ಗುರುತಿಸಲು ಅಲ್ಲಿನ ಆಸ್ಪತ್ರೆಗಳು ಒಂದು ಗಣಕಸೂತ್ರವನ್ನು ಬಳಸುತ್ತಿದ್ದವು. ಜಿಯಾದ್ ಓಬರ್‌ಮೇಯರ್ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿ, 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಸೂತ್ರವು ರೋಗಿಯ ಜನಾಂಗವನ್ನು ಕೇಳುತ್ತಲೇ ಇರಲಿಲ್ಲ. ಆದರೂ ಸಮಾನ ಅಂಕ ಪಡೆದವರಲ್ಲಿ ಕಪ್ಪುವರ್ಣೀಯರು ಶ್ವೇತವರ್ಣೀಯರಿಗಿಂತ ಹೆಚ್ಚು ಅಸ್ವಸ್ಥರಾಗಿದ್ದರು. ಇದಕ್ಕೆ ಕಾರಣವೇನು? ಸೂತ್ರವು ಅಳೆದುದು ಕಾಯಿಲೆಯನ್ನಲ್ಲ, ಚಿಕಿತ್ಸೆಯ ವೆಚ್ಚವನ್ನು. ಬಡತನ, ಅವಿಶ್ವಾಸ ಮೊದಲಾದ ಕಾರಣಗಳಿಂದ ಸಾಕಷ್ಟು ಚಿಕಿತ್ಸೆ ದೊರೆಯದ ಕಪ್ಪುವರ್ಣೀಯರಿಗಾಗಿ ಕಡಿಮೆ ಹಣ ವೆಚ್ಚವಾಗಿತ್ತು. ಆ ಕಡಿಮೆ ವೆಚ್ಚವನ್ನೇ ಯಂತ್ರವು ಆರೋಗ್ಯವೆಂದು ಬಗೆಯಿತು. ಈ ದೋಷ ನೀಗಿದರೆ, ಹೆಚ್ಚಿನ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪುವರ್ಣೀಯರ ಪಾಲು ಶೇಕಡ 17.7ರಿಂದ 46.5ಕ್ಕೆ ಏರುವುದೆಂದು ಸಂಶೋಧಕರು ಲೆಕ್ಕ ಹಾಕಿದರು.

ಆದುದರಿಂದ ದತ್ತಾಂಶ ವಿಜ್ಞಾನಿಯಾಗಬಯಸುವವರು ಗಣಿತದೊಡನೆ ವೈದ್ಯವನ್ನೂ ಸಮಾಜವನ್ನೂ ಅಭ್ಯಸಿಸಬೇಕು. ಈ ಅಂಕೆ ಏನನ್ನು ಅಳೆಯುತ್ತದೆ, ಯಾರನ್ನು ಕೈಬಿಟ್ಟಿದೆ ಎಂದು ಕೇಳುವುದೇ ಅವರ ಮೊದಲ ಪಾಠ. ಆಸ್ಪತ್ರೆಗೆ ಬರಲಾರದವನ ನೋವು ಆಸ್ಪತ್ರೆಯ ದಾಖಲೆಯಲ್ಲಿರುವುದಿಲ್ಲ. ದಾಖಲೆಯಲ್ಲಿಲ್ಲದುದನ್ನು ಯಂತ್ರವು ತಾನಾಗಿ ಅರಿಯಲಾರದು. ಅದನ್ನು ಹುಡುಕಿ ತರಬೇಕಾದವನು ಮನುಷ್ಯನೇ.