ತರಬೇತುದಾರನ ತೂಕ

ಫುಟ್ಬಾಲ್ ಪಂದ್ಯವೊಂದು ಮುಗಿದು ಜನ ಗೇಟಿನ ಕಡೆಗೆ ಸರಿಯುವ ಹೊತ್ತಿಗೆ ತರಬೇತುದಾರನ ಮೇಲಣ ತೀರ್ಪು ಆಗಲೇ ಸಿದ್ಧವಾಗಿರುತ್ತದೆ. ತಂಡ ಗೆದ್ದಿದ್ದರೆ ಅವನು ಚಾಣಕ್ಯ. ಸೋತಿದ್ದರೆ ಅವನಿಗೆ ಆಟದ ಗಂಧವೇ ಇಲ್ಲ. ಬೆಂಗಳೂರಿನ ಅಶೋಕನಗರದ ಫುಟ್ಬಾಲ್ ಕ್ರೀಡಾಂಗಣದಲ್ಲಿಯೂ ಕಂಠೀರವದಲ್ಲಿಯೂ ಬಹುಕಾಲದಿಂದ ಕುಳಿತು ನೋಡುತ್ತ, ಇಂಥ ತೀರ್ಪುಗಳನ್ನು ಕೇಳುತ್ತ ಬಂದ ನನಗೆ ಕಾಲಕ್ರಮದಲ್ಲಿ ಒಂದು ವಿಷಯ ಮನದಟ್ಟಾಯಿತು: ತರಬೇತುದಾರನ ಕೆಲಸದಲ್ಲಿ ಎರಡು ಭಾಗಗಳಿವೆ, ಒಂದು, ಈ ಸಂಜೆಯ ಪಂದ್ಯಕ್ಕೆಂದು ಅವನು ಹೂಡಿದ ವ್ಯೂಹ, ಇನ್ನೊಂದು, ಅವನ ಕೈಕೆಳಗೆ ಆಟಗಾರರು ಪಡೆದ ಬೆಳವಣಿಗೆ. ಇವೆರಡನ್ನೂ ಒಂದೇ ಕೋಲಿನಿಂದ ಅಳೆಯಲು ಬಾರದು. ಫಲಿತಾಂಶವೆಂಬ ಕೋಲಿನಿಂದಂತೂ ಎರಡನ್ನೂ ಅಳೆಯಲಾಗದು.

ಫಲಿತಾಂಶವನ್ನು ನಂಬಬಾರದೆಂದು ನಾನು ಹೇಳುವುದಕ್ಕೆ ಕಾರಣ ಈ ಆಟದ ಸ್ವಭಾವದಲ್ಲಿಯೇ ಇದೆ. ನೂರಾರು ಓಟಗಳು ಸೇರಿ ನಿರ್ಣಯವಾಗುವ ಕ್ರಿಕೆಟ್ಟಿನಂತಲ್ಲದೆ, ಒಂದೋ ಎರಡೋ ಗೋಲುಗಳಲ್ಲಿ ಮುಗಿದುಹೋಗುವ ಫುಟ್ಬಾಲಿನಲ್ಲಿ ಅದೃಷ್ಟಕ್ಕೆ ಪ್ರವೇಶ ಬಲು ಸುಲಭ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸಿನ ಎದುರು ಬಹುಮಟ್ಟಿಗೆ ಬರಿಗಾಲಿನಲ್ಲಿಯೇ ಆಡಿ, ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ನರ ಗೋಲಿನಿಂದ ಸಮಬಲಕ್ಕೆ ಬಂದು, ಎರಡು ಪೆನಾಲ್ಟಿ ಕಿಕ್ಕುಗಳನ್ನು ಕೈಬಿಟ್ಟು, ಕಟ್ಟಕಡೆಯ ಗಳಿಗೆಯಲ್ಲಿ 1-2ರಿಂದ ಸೋತಿತು. ಆ ಎರಡು ಪೆನಾಲ್ಟಿಗಳು ಬಲೆ ಸೇರಿದ್ದರೆ ಅಂದಿನ ಆಟದ ಯೋಜನೆಯನ್ನು ನಾವು ಇಂದಿಗೂ ಕೊಂಡಾಡುತ್ತಿದ್ದೆವು. ಯೋಜನೆಯೋ, ಎರಡು ಸಂದರ್ಭದಲ್ಲಿಯೂ ಅದೇ ಆಗಿರುತ್ತಿತ್ತು.

ಹಾಗಾದರೆ ಯೋಜನೆಯನ್ನು ಕಾಣುವುದು ಎಲ್ಲಿ? ಚೆಂಡನ್ನು ಬಿಟ್ಟು ಉಳಿದೆಡೆಯಲ್ಲಿ ಎಂಬುದು ನನ್ನ ಅನುಭವದ ಉತ್ತರ. ಕಂಠೀರವದಲ್ಲಿ ಪ್ರೇಕ್ಷಕನಿಗೂ ಮೈದಾನಕ್ಕೂ ನಡುವೆ ಓಟದ ಪಥವೊಂದು ಸುತ್ತುವರಿದಿರುವುದರಿಂದ ಕೆಳಗಿನ ಸಾಲುಗಳಲ್ಲಿ ಕುಳಿತವನಿಗೆ ಆಟವೆಲ್ಲ ಚಪ್ಪಟೆಯಾಗಿ, ಕಾಲುಗಳ ಗೊಂದಲವಾಗಿ ತೋರುತ್ತದೆ; ಮೇಲಿನ ಸಾಲಿಗೆ ಏರಿದರೆ ಮಾತ್ರ ಹಿಂಬದಿಯ ನಾಲ್ವರ ಸಾಲಿಗೂ ಮುಂಪಡೆಗೂ ಇರುವ ಅಂತರ ಎಷ್ಟು, ಎಡಗಡೆಯ ಬ್ಯಾಕ್ ಮುನ್ನುಗ್ಗಿದಾಗ ಅವನು ತೆರವು ಮಾಡಿದ ಜಾಗವನ್ನು ಯಾರು ತುಂಬುತ್ತಾರೆ, ಚೆಂಡು ಕೈತಪ್ಪಿದ ಮರುಕ್ಷಣದಲ್ಲಿ ಹತ್ತಿರದ ಮೂವರು ಎದುರಾಳಿಯ ಮೇಲೆ ಎರಗುತ್ತಾರೋ ಇಲ್ಲವೆ ತಮ್ಮ ಗೋಲಿನತ್ತ ಹಿಂದೋಡುತ್ತಾರೋ ಎಂಬುದು ಕಣ್ಣಿಗೆ ಬೀಳುತ್ತದೆ. ಈ ಚಲನೆಗಳು ಮತ್ತೆ ಮತ್ತೆ ಒಂದೇ ಬಗೆಯಾಗಿ ನಡೆದರೆ ಅಲ್ಲಿ ಅಭ್ಯಾಸವಿದೆ, ಅಭ್ಯಾಸದ ಹಿಂದೆ ಒಬ್ಬನ ಬುದ್ಧಿಯಿದೆ ಎಂದು ತಿಳಿಯಬಹುದು. ಒಮ್ಮೆ ಹಾಗೆ, ಒಮ್ಮೆ ಹೀಗೆ ನಡೆದರೆ, ಗೋಲು ಎಷ್ಟೇ ಬಂದಿರಲಿ, ಅದು ಹನ್ನೊಂದು ಮಂದಿಯ ಪ್ರತಿಭೆಯ ಮೊತ್ತವೇ ಹೊರತು ತರಬೇತುದಾರನ ಕೃತಿಯಲ್ಲ.

ಇದರ ಜೊತೆಗೆ ನಾನು ಕಲಿತ ಇನ್ನೊಂದು ಮಾತೆಂದರೆ, ಏನನ್ನೂ ತ್ಯಾಗ ಮಾಡದ ಯೋಜನೆ ಇಲ್ಲವೆಂಬುದು. ಮುಂದೊತ್ತಿ ಆಡುವವನು ತನ್ನ ಬೆನ್ನ ಹಿಂದಣ ಬಯಲನ್ನು ಬಿಟ್ಟುಕೊಡುತ್ತಾನೆ. ಹಿಂದೆ ಕೂತು ಕಾಯುವವನು ಚೆಂಡನ್ನೇ ಬಿಟ್ಟುಕೊಡುತ್ತಾನೆ. ಬಿಟ್ಟುಕೊಟ್ಟದ್ದು ಏನೆಂಬುದನ್ನು ಅರಿತು ಬಿಟ್ಟುಕೊಟ್ಟನೇ ಎಂಬುದು ಕೇಳಬೇಕಾದ ಪ್ರಶ್ನೆ. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಕಥೆಯನ್ನು ಹಿರಿಯರು ಈಗಲೂ ರಸವತ್ತಾಗಿ ಹೇಳುತ್ತಾರೆ. ಹೈದರಾಬಾದಿನ ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ಸಾಹೇಬರ ಭಾರತ ತಂಡ ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಕ್ಕೆ 0-2ರಿಂದ ಸೋತಿತ್ತು. ರಕ್ಷಣೆಯ ಸ್ತಂಭವಾಗಿದ್ದ ಜರ್ನೈಲ್ ಸಿಂಗರ ತಲೆಗೆ ಪಂದ್ಯವೊಂದರಲ್ಲಿ ಗಾಯವಾಗಿ ಹೊಲಿಗೆ ಬಿದ್ದಿತ್ತು. ರಹೀಮರು ಆ ಗಾಯಾಳುವನ್ನು ಕೂರಿಸದೆ ಸೆಂಟರ್ ಫಾರ್ವರ್ಡ್ ಸ್ಥಾನಕ್ಕೆ ಕಳುಹಿಸಿದರು. ಸೆಮಿಫೈನಲಿನಲ್ಲಿ ದಕ್ಷಿಣ ವಿಯೆಟ್ನಾಮಿನ ಮೇಲೂ, ಫೈನಲಿನಲ್ಲಿ ಅದೇ ದಕ್ಷಿಣ ಕೊರಿಯದ ಮೇಲೂ ಜರ್ನೈಲ್ ಗೋಲು ಹೊಡೆದರು, ಪಿ. ಕೆ. ಬ್ಯಾನರ್ಜಿಯವರದೊಂದು ಸೇರಿ ಭಾರತ 2-1ರಿಂದ ಚಿನ್ನ ಗೆದ್ದಿತು. ಜನ ಇದನ್ನು ಸಾಹಸವೆಂದು ಹೊಗಳುತ್ತಾರೆ. ನನಗೆ ಇದರಲ್ಲಿ ಕಾಣುವುದು ಲೆಕ್ಕಾಚಾರ: ತನ್ನ ರಕ್ಷಣೆಯಿಂದ ಅತ್ಯುತ್ತಮನನ್ನು ತೆಗೆದರೂ ಉಳಿದವರು ಭಾರ ಹೊರಬಲ್ಲರೆಂಬ ನಂಬಿಕೆ ವರ್ಷಗಳ ಶಿಕ್ಷಣದಿಂದಲ್ಲದೆ ಒಂದು ರಾತ್ರಿಯಲ್ಲಿ ಹುಟ್ಟುವಂಥದಲ್ಲ.

ಕೇಳಿದ್ದಕ್ಕಿಂತ ಕಂಡದ್ದು ಮಿಗಿಲು. 2016ರ ಅಕ್ಟೋಬರ್ 19ರಂದು ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಯು ಎಎಫ್‌ಸಿ ಕಪ್ಪಿನ ಸೆಮಿಫೈನಲಿನಲ್ಲಿ ಮಲೇಷ್ಯದ ಜೊಹೊರ್ ತಂಡವನ್ನು ಎದುರಿಸಿದಾಗ, ಹನ್ನೊಂದನೆಯ ನಿಮಿಷದಲ್ಲಿಯೇ ಗೋಲು ಬಿಟ್ಟುಕೊಟ್ಟು ಗ್ಯಾಲರಿ ಗರಬಡಿದಂತೆ ಕುಳಿತಿತು. ಆಷ್ಲಿ ವೆಸ್ಟ್‌ವುಡ್ ಕಟ್ಟಿದ್ದ, ದೇಹಬಲಕ್ಕೂ ಓಟಕ್ಕೂ ಹೆಸರಾಗಿ ಎರಡು ಬಾರಿ ಐ-ಲೀಗ್ ಗೆದ್ದಿದ್ದ ಆ ತಂಡ, ಕೆಲವೇ ತಿಂಗಳುಗಳ ಹಿಂದೆ ಬಂದ ಸ್ಪೇನಿನ ಆಲ್ಬರ್ಟ್ ರೋಕಾ ಅವರಿಂದ ಚೆಂಡನ್ನು ಕಾಲಲ್ಲಿಟ್ಟುಕೊಂಡು ತಾಳ್ಮೆಯಿಂದ ಮುನ್ನಡೆಯುವ ಪಾಠವನ್ನು ಆಗಷ್ಟೇ ಕಲಿಯುತ್ತಿತ್ತು. ಕಲಿತದ್ದು ನಿಜವೋ ಎಂಬುದು ಅಂಥ ಹೊತ್ತಿನಲ್ಲಿಯೇ ತಿಳಿಯುವುದು. ಹೆದರಿದ ತಂಡ ಉದ್ದುದ್ದ ಹೊಡೆಯುತ್ತದೆ; ಆ ರಾತ್ರಿ ನಮ್ಮ ಹಿಂಬದಿಯವರು ಹಾಗೆ ಹೊಡೆಯದೆ, ಹತ್ತಿರದ ಗೆಳೆಯನನ್ನು ಹುಡುಕಿ ಹುಡುಕಿ ಪಾಸ್ ಕೊಟ್ಟರು. ವಿರಾಮಕ್ಕೆ ಮುಂಚೆ ಸುನಿಲ್ ಛೇತ್ರಿ ತಲೆಯಿಂದೊಂದು, ಆಮೇಲೆ ದೂರದಿಂದ ಇನ್ನೊಂದು, ಕೊನೆಗೆ ಹುವಾನಾನ್ ಮತ್ತೊಂದು ಗೋಲು ಗಳಿಸಲು, ತಂಡ 3-1ರಿಂದ ಗೆದ್ದು, ಆ ಕಪ್ಪಿನ ಫೈನಲಿಗೇರಿದ ಮೊದಲ ಭಾರತೀಯ ಕ್ಲಬ್ಬೆನಿಸಿತು. ದೋಹಾದ ಫೈನಲಿನಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದು ಗೋಲಿನಿಂದ ಸೋತರೆಂಬುದು, ಅವರು ಕಲಿತದ್ದರ ಬೆಲೆಯನ್ನು ಕುಗ್ಗಿಸಲಿಲ್ಲ.

ಅದೇ ರೋಕಾ 2017-18ರ ಇಂಡಿಯನ್ ಸೂಪರ್ ಲೀಗಿನ (ಐಎಸ್ಎಲ್) ಪಟ್ಟಿಯಲ್ಲಿ ತಂಡವನ್ನು ಅಗ್ರಸ್ಥಾನಕ್ಕೆ ಒಯ್ದು, ಕಂಠೀರವದಲ್ಲಿಯೇ ನಡೆದ ಫೈನಲಿನಲ್ಲಿ ಚೆನ್ನೈಯಿನ್ ಎಫ್‌ಸಿಗೆ 2-3ರಿಂದ ಸೋತರು. ಆ ಮೂರರಲ್ಲಿ ಎರಡು ಗೋಲುಗಳು ಕಾರ್ನರ್ ಕಿಕ್ಕಿನಿಂದ ಮೈಲ್ಸನ್ ಆಲ್ವೆಸ್ ತಲೆಯಲ್ಲಿ ಹೊಡೆದವು. ಮರುವರ್ಷ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಮುಖ್ಯಸ್ಥರಾದರು. ಮುಂಬಯಿಯಲ್ಲಿ ನಡೆದ ಫೈನಲಿನಲ್ಲಿ, ಹೆಚ್ಚುವರಿ ಅವಧಿಯ 117ನೆಯ ನಿಮಿಷದಲ್ಲಿ, ಕಾರ್ನರ್ ಕಿಕ್ಕಿಗೆ ಎದ್ದ ರಕ್ಷಕ ರಾಹುಲ್ ಭೇಕೆ ತಲೆಯಿಂದ ತೂರಿದ ಗೋಲೇ ಎಫ್‌ಸಿ ಗೋವಾವನ್ನು ಸೋಲಿಸಿ ಕಿರೀಟ ತಂದಿತು. ಕಾರ್ನರಿನಿಂದ ಗೆಲ್ಲುವುದೂ ಒಂದು ಗೆಲುವೇ? ಎಂದು ಮೂಗು ಮುರಿದವರು ನಮ್ಮ ಸುತ್ತ ಇದ್ದರು. ನಾನು ಅದನ್ನು ಒಪ್ಪೆ. ಯಾರು ಎಲ್ಲಿಂದ ಓಡಬೇಕು, ಯಾರು ಎದುರಾಳಿಗೆ ಅಡ್ಡ ನಿಲ್ಲಬೇಕು, ಚೆಂಡು ಯಾವ ಕಂಬದತ್ತ ಬರಬೇಕು ಎಂಬುದನ್ನೆಲ್ಲ ಬೆಳಗಿನ ಅಭ್ಯಾಸದಲ್ಲಿ ನೂರು ಸಲ ಮಾಡಿಸಿರಬೇಕಾದ ಆ ಕಸುಬು, ತರಬೇತುದಾರನ ಕೈಬರಹ ಅತ್ಯಂತ ಸ್ಪಷ್ಟವಾಗಿ ಕಾಣುವ ಜಾಗ. ಹಿಂದಿನ ವರ್ಷ ಯಾವ ಬಾಗಿಲಿನಿಂದ ಪೆಟ್ಟು ಬಂದಿತ್ತೋ ಅದೇ ಬಾಗಿಲಿನಿಂದ ಗೆಲುವನ್ನು ತಂದುದರಲ್ಲಿ ನನಗೆ ಕಂಡುದು ಯೋಜನೆಯೇ.

ಆದರೆ ಯೋಜನೆಯನ್ನು ತೂಗಿದ ಮಾತ್ರಕ್ಕೆ ತರಬೇತುದಾರನನ್ನು ತೂಗಿದಂತಾಗಲಿಲ್ಲ. ಆಟಗಾರರ ಬೆಳವಣಿಗೆ ನಿಧಾನದ ಸಂಗತಿ. ಅದನ್ನು ನೋಡಲು ಅಶೋಕನಗರದ ಮೈದಾನ ಲೇಸು. ಅಲ್ಲಿ ಲೀಗ್ ಪಂದ್ಯಗಳಿಗೆ ಜನ ಕಡಿಮೆ, ಬೇಲಿ ಹತ್ತಿರ, ತರಬೇತುದಾರ ಅರಚಿದ್ದೆಲ್ಲ ಕಿವಿಗೆ ಬೀಳುತ್ತದೆ. ಒಂದು ಋತುವಿನಲ್ಲಿ ಹಲಸೂರಿನ ಕಡೆಯ ಹುಡುಗನೊಬ್ಬ ನಡುಭಾಗದಲ್ಲಿ ಆಡುತ್ತಿದ್ದ. ಕಾಲಿನಲ್ಲಿ ಮಾಂತ್ರಿಕತೆಯಿತ್ತು, ಆದರೆ ಚೆಂಡು ತನ್ನತ್ತ ಬರುವಾಗ ಅದನ್ನೇ ದಿಟ್ಟಿಸುತ್ತ ನಿಲ್ಲುತ್ತಿದ್ದುದರಿಂದ, ತಿರುಗುವಷ್ಟರಲ್ಲಿ ಎದುರಾಳಿಯ ಮೊಣಕಾಲು ಅವನಿಗೆ ತಾಗಿರುತ್ತಿತ್ತು. ಅವನ ತರಬೇತುದಾರ, ಕಾರ್ಖಾನೆಯ ಕೆಲಸ ಮುಗಿಸಿ ಬರುತ್ತಿದ್ದ ಮಧ್ಯವಯಸ್ಕ, ಗೆರೆಯ ಬಳಿ ನಿಂತು "ತಿರುಂಬಿ ಪಾರುಡಾ" ಎಂದು ತಮಿಳಿನಲ್ಲೊಮ್ಮೆ, "ಹಿಂದೆ ನೋಡೋ" ಎಂದು ಕನ್ನಡದಲ್ಲೊಮ್ಮೆ, ಪಂದ್ಯವಿಡೀ ಅದೊಂದೇ ಮಾತನ್ನು ಕೂಗುತ್ತಿದ್ದ. ತಪ್ಪು ಪಾಸಿಗೆ ಬೈಯಲಿಲ್ಲ, ಕಳೆದ ಚೆಂಡಿಗೆ ಬೈಯಲಿಲ್ಲ. ಹುಡುಗನನ್ನು ಹೊರಗೆ ಕೂರಿಸಲೂ ಇಲ್ಲ. ಋತು ಮುಗಿಯುವ ಹೊತ್ತಿಗೆ ಹುಡುಗ ಚೆಂಡು ಬರುವ ಮುನ್ನವೇ ಭುಜದ ಮೇಲಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿ, ಮೊದಲ ಸ್ಪರ್ಶದಲ್ಲಿಯೇ ತೆರವಿನತ್ತ ಹೊರಳುತ್ತಿದ್ದ. ತರಬೇತುದಾರ ಕೈಕಟ್ಟಿಕೊಂಡು ಸುಮ್ಮನೆ ನಿಂತಿರುತ್ತಿದ್ದ. ಆ ತಂಡ ಪಟ್ಟಿಯಲ್ಲಿ ಮೇಲೇನೂ ಇರಲಿಲ್ಲ. ಆದರೂ ನಾನು ಕಂಡ ಅತ್ಯುತ್ತಮ ತರಬೇತಿಗಳಲ್ಲಿ ಅದನ್ನು ಒಂದೆಂದು ಎಣಿಸುತ್ತೇನೆ: ಕೂಗುವ ಅಗತ್ಯ ಇಲ್ಲವಾಗುವವರೆಗೆ ಒಂದೇ ಪಾಠವನ್ನು ಹಿಡಿದು ಕೂಗಿದವನು ಅವನು.

ಎಷ್ಟು ಮಂದಿ ಎಳೆಯರಿಗೆ ಅವಕಾಶ ಕೊಟ್ಟ ಎಂಬುದು ಪತ್ರಿಕೆಗಳು ಇಷ್ಟಪಡುವ ಲೆಕ್ಕ. ಹೋದ ವರ್ಷ ಅರಿಯದಿದ್ದುದನ್ನು ಈ ವರ್ಷ ಆಟಗಾರ ಅರಿತಿದ್ದಾನೆಯೇ ಎಂಬುದು ನಿಜವಾದ ಲೆಕ್ಕ. ಬೆಂಗಳೂರು ಎಫ್‌ಸಿಯ ಕಿರಿಯರ ತಂಡದಿಂದ ಮೇಲೆ ಬಂದ ರೋಶನ್ ಸಿಂಗ್ ನೌರೆಮ್ ಮೂಲತಃ ಅಂಚಿನಲ್ಲಿ ಮುನ್ನುಗ್ಗುವ ಆಟಗಾರ. ಅವನನ್ನು ಹಿಂದಕ್ಕೆ ಸರಿಸಿ ಬ್ಯಾಕ್ ಸ್ಥಾನದಲ್ಲಿ ಆಡಿಸಿದ ಮೇಲೆ, 2021-22ರಲ್ಲಿ ಐಎಸ್ಎಲ್‌ನ ಉದಯೋನ್ಮುಖ ಆಟಗಾರನೆಂಬ ಪ್ರಶಸ್ತಿ ಅವನಿಗೆ ಬಂದಿತು. ಸ್ಥಾನಪಲ್ಲಟದಿಂದ ಮನುಷ್ಯನೊಬ್ಬ ಹೆಚ್ಚಾದನೋ ಕಡಿಮೆಯಾದನೋ ಎಂಬುದನ್ನು ನೋಡಿದರೆ ಅವನನ್ನು ಪಲ್ಲಟಗೊಳಿಸಿದವರ ದೃಷ್ಟಿ ಗೊತ್ತಾಗುತ್ತದೆ.

ಈ ಎರಡು ಕರ್ತವ್ಯಗಳು ಪರಸ್ಪರ ಸೆಣಸುತ್ತವೆಂಬುದನ್ನೂ ಮರೆಯಲಾಗದು. ಒಂದು ಋತುವಿನ ಒಪ್ಪಂದದ ಮೇಲೆ ಬಂದ ತರಬೇತುದಾರ, ಗೋಲು ಹೊಡೆಯುವ ಕೆಲಸವನ್ನು ಪಳಗಿದ ವಿದೇಶಿಯನಿಗೆ ಒಪ್ಪಿಸುವುದು ಸಹಜ. ಹತ್ತು ತಂಡಗಳು ಹಾಗೆ ಮಾಡಿದರೆ ದೇಶಕ್ಕೆ ಸೆಂಟರ್ ಫಾರ್ವರ್ಡ್ ದೊರೆಯದಿರುವುದೂ ಅಷ್ಟೇ ಸಹಜ. 2024ರ ಜೂನಿನಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದ ಸುನಿಲ್ ಛೇತ್ರಿ, ಮರುವರ್ಷದ ಮಾರ್ಚಿನಲ್ಲಿ, ನಲವತ್ತರ ವಯಸ್ಸಿನಲ್ಲಿ, ಭಾರತಕ್ಕಾಗಿ ಮತ್ತೆ ಅಂಗಿ ತೊಡಬೇಕಾಯಿತು. ಅದು ಅವರ ಹಿರಿಮೆ. ನಮ್ಮ ತರಬೇತಿಯ ವ್ಯವಸ್ಥೆಗೆ ಮಾತ್ರ ಅದು ಹೊಗಳಿಕೆಯಲ್ಲ. 2023ರ ಮಾರ್ಚಿನಲ್ಲಿ ರವಿ ಬಾಬು ರಾಜು ಅವರ ಮಾರ್ಗದರ್ಶನದಲ್ಲಿ ಕರ್ನಾಟಕ ತಂಡ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, ಮೈಸೂರು ರಾಜ್ಯವೆಂಬ ಹೆಸರಿದ್ದ 1968-69ರ ಬಳಿಕ ಮೊದಲ ಬಾರಿಗೆ ಸಂತೋಷ್ ಟ್ರೋಫಿಯನ್ನು ಮನೆಗೆ ತಂದಾಗ ನಾವೆಲ್ಲ ಹಿಗ್ಗಿದೆವು. ಅಲ್ಪಕಾಲದ ಶಿಬಿರದಲ್ಲಿ ತಂಡ ಕಟ್ಟಿದವರ ಚಾತುರ್ಯಕ್ಕೆ ಆ ಗೌರವ ಸಲ್ಲತಕ್ಕುದೇ. ಆದರೆ ಅವರು ಕೊಯ್ದ ಬೆಳೆಯನ್ನು ಬಿತ್ತಿದವರು ಬೆಂಗಳೂರಿನ ಕ್ಲಬ್ಬುಗಳಲ್ಲಿ, ಸಂಜೆಯ ಮೈದಾನಗಳಲ್ಲಿ, ಹೆಸರಿಲ್ಲದೆ ದುಡಿದವರು.

ಆದುದರಿಂದ ಓದುಗರಲ್ಲಿ ನನ್ನ ಅರಿಕೆ ಇಷ್ಟೆ. ಮುಂದಿನ ಬಾರಿ ಪಂದ್ಯಕ್ಕೆ ಹೋದಾಗ ಚೆಂಡಿನಿಂದ ಕಣ್ಣು ತೆಗೆದು, ಒಬ್ಬನೇ ಆಟಗಾರನನ್ನು, ಆದಷ್ಟೂ ಎಳೆಯವನನ್ನು ಆರಿಸಿಕೊಂಡು, ತೊಂಬತ್ತು ನಿಮಿಷವೂ ಅವನನ್ನೇ ನೋಡಿ. ಋತುವಿನ ಕೊನೆಯಲ್ಲಿ ಮತ್ತೆ ಹೋಗಿ ಅವನನ್ನೇ ನೋಡಿ. ತಂಡದ ಪದಚ್ಯುತ ತರಬೇತುದಾರನಿಗೆ ಹಾರ ಹಾಕಬೇಕೋ, ಗೆದ್ದ ತರಬೇತುದಾರನನ್ನು ಪ್ರಶ್ನಿಸಬೇಕೋ ಎಂಬುದು ಆಗ ಸ್ಕೋರ್ ಬೋರ್ಡಿನ ನೆರವಿಲ್ಲದೆಯೇ ನಿಮಗೆ ತಿಳಿದುಬರುತ್ತದೆ.