ಟ್ಯಾಂಕಿನಲ್ಲಿ ಎಷ್ಟಿದೆ?

ಭದ್ರಾವತಿ ನಿಮಗೆ ಗೊತ್ತಲ್ಲ? ಭದ್ರಾ ನದಿಯ ದಡದ ಊರು. ಹಿಂದೆ ಈ ಊರಿಗೆ ಬೆಂಕಿಪುರ ಎಂಬ ಹೆಸರಿತ್ತು. 1923ರಲ್ಲಿ ಇಲ್ಲಿನ ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿತು. ಕಾರ್ಖಾನೆಯ ಜೊತೆಗೆ ಊರೂ ಬೆಳೆಯಿತು. ನ್ಯೂ ಟೌನ್ ಹಾಗೆ ಬೆಳೆದ ಜಾಗ.

ನ್ಯೂ ಟೌನ್‌ನ ಒಂದು ಮನೆಯ ಕಥೆ ಹೇಳುತ್ತೇವೆ, ಕೇಳಿ. ಆ ಮನೆಯ ಹೆಂಗಸನ್ನು ನಾವು ದೊಡ್ಡಕ್ಕ ಎಂದು ಕರೆಯೋಣ. ದೊಡ್ಡಕ್ಕ ಚಿಕ್ಕವಳಿದ್ದಾಗ ಶಾಲೆಗೆ ಹೋಗಲಿಲ್ಲ. ನಿಮ್ಮ ಹಾಗೆಯೇ, ಮಕ್ಕಳು ದೊಡ್ಡವರಾದ ಮೇಲೆ ಅಕ್ಷರ ಕಲಿತಳು. ಕೂಡುವುದು, ಕಳೆಯುವುದು ಕಲಿತಳು.

ದೊಡ್ಡಕ್ಕನ ಗಂಡ ದಿನಗೂಲಿ ಕೆಲಸಗಾರ. ಅವನ ಹತ್ತಿರ ಒಂದು ಹಳೆಯ ಬೈಕ್ ಇದೆ. ಕೆಲಸಕ್ಕೆ ಹೋಗಿ ಬರಲು ದಿನಕ್ಕೆ 16 ಕಿ.ಮೀ. ಓಡುತ್ತದೆ. ಶನಿವಾರ ಬಟವಾಡೆ. ಆ ದಿನ ಸ್ವಲ್ಪ ಪೆಟ್ರೋಲ್ ಹಾಕಿಸುತ್ತಾನೆ. ಮುಗಿಯುವವರೆಗೆ ಓಡಿಸುತ್ತಾನೆ.

ಒಂದು ಮಂಗಳವಾರ ಸಂಜೆ. ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಬೈಕ್ ನಿಂತುಹೋಯಿತು. ಗಂಡ ಬಗ್ಗಿ ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿದ. ಬೈಕ್ ಮತ್ತೆ ಶುರುವಾಯಿತು.

“ರಿಸರ್ವ್‌ಗೆ ಬಂತು” ಎಂದ.

“ಹಂಗಾದ್ರೆ ನಾಳೆ ಪೆಟ್ರೋಲ್ ಹಾಕಿಸ್ರಿ” ಎಂದಳು ದೊಡ್ಡಕ್ಕ.

“ಶನಿವಾರದ ತನಕ ಓಡುತ್ತೆ ಬಿಡು. ರಿಸರ್ವ್ ಇದೆಯಲ್ಲ” ಎಂದ ಗಂಡ.

ಬುಧವಾರ ಕೆಲಸಕ್ಕೆ ಹೋಗಿ ಬಂದ. ಗುರುವಾರವೂ ಹೋಗಿ ಬಂದ. ಗಾಡಿ ನಿಲ್ಲಲಿಲ್ಲ.

ಗುರುವಾರ ರಾತ್ರಿ ಎರಡು ಗಂಟೆ. ಫೋನ್ ಬಂತು. ಮಗಳು ಶಿವಮೊಗ್ಗದ ಆಸ್ಪತ್ರೆಗೆ ಹೆರಿಗೆಗೆ ಸೇರಿದ್ದಳು. ಫೋನ್ ಮಾಡಿದವನು ಅಳಿಯ.

“ಅತ್ತೆ, ಹೆರಿಗೆ ಆಯ್ತು. ಹೆಣ್ಣು ಮಗು. ಆದ್ರೆ ಅವಳಿಗೆ ರಕ್ತ ನಿಲ್ತಾ ಇಲ್ಲ. ರಕ್ತ ಕೊಡಬೇಕಂತೆ. ಮಾವನ್ನ ಕರ್ಕೊಂಡು ಬೇಗ ಬನ್ನಿ.”

ಆ ಹೊತ್ತಿಗೆ ಬಸ್ಸಿಲ್ಲ. ಇಬ್ಬರೂ ಬೈಕ್ ಹತ್ತಿದರು. ಶಿವಮೊಗ್ಗಕ್ಕೆ ಸುಮಾರು 20 ಕಿ.ಮೀ. ದಾರಿ. ಮಾಚೇನಹಳ್ಳಿ ದಾಟಿತು. ಇನ್ನು ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೈಕ್ ಒಂದೆರಡು ಸಲ ಜಗ್ಗಿತು. ಆಮೇಲೆ ನಿಂತಿತು.

ಗಂಡ ನಲ್ಲಿ ಮುಟ್ಟಿ ನೋಡಿದ. ಅದು ಆಗಲೇ ರಿಸರ್ವ್‌ನಲ್ಲಿತ್ತು. ಗಾಡಿಯನ್ನು ಒಂದು ಪಕ್ಕಕ್ಕೆ ಮಲಗಿಸಿ ಎಬ್ಬಿಸಿದ. ಕಿಕ್ ಹೊಡೆದ. ಸ್ವಲ್ಪ ದೂರ ಓಡಿ ಮತ್ತೆ ನಿಂತಿತು. ಇಬ್ಬರೂ ಸೇರಿ ಕತ್ತಲಲ್ಲಿ ತಳ್ಳಿದರು. ಲಾರಿಗಳು ಪಕ್ಕದಲ್ಲೇ ಬರ್ರೆಂದು ಹೋದವು. ಕೈ ಅಡ್ಡ ಹಾಕಿದರೂ ಯಾರೂ ನಿಲ್ಲಿಸಲಿಲ್ಲ. ತುಂಬ ಹೊತ್ತಾದ ಮೇಲೆ ಒಂದು ಹಾಲಿನ ಗಾಡಿ ನಿಂತಿತು. ಬೈಕಿಗೆ ಬೀಗ ಹಾಕಿ, ಮುಚ್ಚಿದ ಅಂಗಡಿಯೊಂದರ ಮುಂದೆ ಬಿಟ್ಟು ಅದರಲ್ಲಿ ಹತ್ತಿದರು.

ಆಸ್ಪತ್ರೆ ಮುಟ್ಟಿದಾಗ ಮಗಳಿಗೆ ರಕ್ತ ಏರಿಸುತ್ತಿದ್ದರು. ರಕ್ತನಿಧಿಯಲ್ಲಿ ಅವಳಿಗೆ ಹೊಂದುವ ರಕ್ತ ಇತ್ತು. ಅದು ಯಾರೋ ಮೊದಲೇ ಕೊಟ್ಟಿಟ್ಟಿದ್ದ ರಕ್ತ. ಕೊಟ್ಟವರ ಹೆಸರು ಗೊತ್ತಿಲ್ಲ. ಮಗಳು ಉಳಿದಳು. ಬೆಳಿಗ್ಗೆ ತಂದೆಯೂ ರಕ್ತ ಕೊಟ್ಟ. ಅದು ಮುಂದೆ ಇನ್ಯಾರಿಗೋ ಬೇಕಾಗುತ್ತದೆ.

ಮನೆಗೆ ಬಂದ ಮೇಲೆ ದೊಡ್ಡಕ್ಕ ಗಂಡನನ್ನು ಬೈಯಲಿಲ್ಲ. ಒಂದೇ ಮಾತು ಕೇಳಿದಳು.

“ಗಾಡಿ ಮೀಟರ್ ಎಲ್ಲಿದೆ, ನಂಗೆ ತೋರಿಸ್ರಿ.”

“ನಿಂಗೆ ಗಾಡಿ ಓಡ್ಸಕ್ಕೆ ಬರಲ್ಲ. ಮೀಟರ್ ಯಾಕೆ?”

“ಓಡ್ಸಕ್ಕೆ ಬರಲ್ಲ. ಅಂಕಿ ಓದಕ್ಕೆ ಬರುತ್ತೆ.”

ರಿಸರ್ವ್ ಎಂದರೇನು?

ಕೆಲವರು ರಿಸರ್ವ್ ಎಂದರೆ ಬೇರೆ ಟ್ಯಾಂಕ್ ಎಂದುಕೊಂಡಿದ್ದಾರೆ. ಹಾಗಲ್ಲ. ಟ್ಯಾಂಕ್ ಒಂದೇ.

ಹಳೆಯ ಬೈಕ್‌ಗಳಲ್ಲಿ ಟ್ಯಾಂಕಿನ ಕೆಳಗೆ ಒಂದು ನಲ್ಲಿ ಇರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಕಾಕ್ ಎನ್ನುತ್ತಾರೆ. ನಲ್ಲಿಯಿಂದ ಟ್ಯಾಂಕಿನ ಒಳಗೆ ಎರಡು ದಾರಿ ಇವೆ. ಒಂದು ಉದ್ದನೆಯ ಕೊಳವೆ. ಅದರ ಬಾಯಿ ತಳಕ್ಕಿಂತ ಎತ್ತರದಲ್ಲಿದೆ. ಇನ್ನೊಂದು ದಾರಿ ತಳದ ಹತ್ತಿರವೇ ಇದೆ.

ನಲ್ಲಿ ‘ಆನ್’ನಲ್ಲಿದ್ದರೆ ಪೆಟ್ರೋಲ್ ಉದ್ದನೆಯ ಕೊಳವೆಯಿಂದ ಇಳಿಯುತ್ತದೆ. ಪೆಟ್ರೋಲ್ ಕೊಳವೆಯ ಬಾಯಿಗಿಂತ ಕೆಳಗೆ ಹೋದರೆ ಇಂಜಿನ್ ನಿಲ್ಲುತ್ತದೆ. ಆಗ ನಲ್ಲಿಯನ್ನು ‘ರಿಸರ್ವ್’ ಕಡೆಗೆ ತಿರುಗಿಸುತ್ತಾರೆ. ತಳದಲ್ಲಿ ಉಳಿದ ಪೆಟ್ರೋಲ್ ಇಳಿಯುತ್ತದೆ. ಅದು ಹೆಚ್ಚೇನೂ ಇರುವುದಿಲ್ಲ. ದೊಡ್ಡಕ್ಕನ ಮನೆಯ ಬೈಕಿನಲ್ಲಿ ಸುಮಾರು 1 ಲೀಟರ್.

ನಾವು ಹೆಂಗಸರು ಸಾಸಿವೆ ಡಬ್ಬಿಯಲ್ಲಿ ಸ್ವಲ್ಪ ದುಡ್ಡು ಇಟ್ಟಿರುತ್ತೇವೆ. ದಿನದ ಸೊಪ್ಪು, ತರಕಾರಿಗೆ ಅದನ್ನು ಮುಟ್ಟುವುದಿಲ್ಲ. ಕಷ್ಟ ಬಂದ ದಿನಕ್ಕೆ ಅದು. ರಿಸರ್ವ್ ಕೂಡ ಹಾಗೆಯೇ. ಅದು ಗಾಡಿಯ ಸಾಸಿವೆ ಡಬ್ಬಿ. ಬಂಕ್‌ವರೆಗೆ ಹೋಗಲು ಇರುವ ಪೆಟ್ರೋಲ್ ಅದು. ಕೆಲಸಕ್ಕೆ ಹೋಗಿ ಬರಲು ಅಲ್ಲ.

ಇನ್ನೊಂದು ವಿಷಯ. ಪೆಟ್ರೋಲ್ ಹಾಕಿಸಿದ ಮೇಲೆ ನಲ್ಲಿಯನ್ನು ಮತ್ತೆ ‘ಆನ್’ಗೆ ತಿರುಗಿಸಬೇಕು. ಅನೇಕರು ಮರೆಯುತ್ತಾರೆ. ಮರೆತರೆ ಮುಂದಿನ ಸಲ ಗಾಡಿ ಎಚ್ಚರಿಕೆ ಕೊಡುವುದಿಲ್ಲ. ನಿಂತರೆ ನಿಂತೇ ಹೋಯಿತು.

2020ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಹೊಗೆಯ ಕಾಯಿದೆ ಬಿಗಿಯಾಯಿತು. ಆಮೇಲೆ ಬಂದ ಹೆಚ್ಚಿನ ಬೈಕ್‌ಗಳಲ್ಲಿ ಈ ನಲ್ಲಿ ಇಲ್ಲ. ಅವುಗಳಲ್ಲಿ ಟ್ಯಾಂಕಿನ ಒಳಗೇ ಒಂದು ಸಣ್ಣ ಪಂಪ್ ಇರುತ್ತದೆ. ಅದು ಕರೆಂಟಿನಿಂದ ಓಡುತ್ತದೆ. ಸುತ್ತ ಇರುವ ಪೆಟ್ರೋಲೇ ಅದನ್ನು ತಂಪಾಗಿ ಇಡುತ್ತದೆ. ಪದೇ ಪದೇ ಟ್ಯಾಂಕ್ ಬರಿದು ಮಾಡಿದರೆ ಪಂಪ್ ಬಿಸಿಯಾಗಿ ಕೆಡಬಹುದು. ಹಳೆಯ ಗಾಡಿಗಳಲ್ಲಿ ತೊಂದರೆ ಬೇರೆ. ಟ್ಯಾಂಕಿನ ತಳದಲ್ಲಿ ಕಸ, ತುಕ್ಕು, ನೀರು ಕೂತಿರುತ್ತದೆ. ಕೊನೆಯ ಹನಿಯ ಜೊತೆ ಅದೂ ಇಳಿದು ಕಾರ್ಬೊರೇಟರ್‌ನ ಸಣ್ಣ ತೂತು ಮುಚ್ಚಬಹುದು.

ಮೀಟರ್ ಓದೋಣ

ಹಿಂದಿನ ಅನೇಕ ಬೈಕ್‌ಗಳಲ್ಲಿ ಪೆಟ್ರೋಲ್ ತೋರಿಸುವ ಮುಳ್ಳು ಇರಲಿಲ್ಲ. ಗಾಡಿ ಅಲ್ಲಾಡಿಸಿ, ಒಳಗಿನ ಸದ್ದು ಕೇಳಿ ತಿಳಿಯುತ್ತಿದ್ದರು. ದೊಡ್ಡಕ್ಕನ ಮಾವ ಯೆಜ್ಡಿ ಓಡಿಸುತ್ತಿದ್ದಾಗ ಹೀಗೆಯೇ ಮಾಡುತ್ತಿದ್ದರು. ಯೆಜ್ಡಿ ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಗಾಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು.

ಈಗ ಹೆಚ್ಚಿನ ಗಾಡಿಗಳಲ್ಲಿ ಮುಳ್ಳು ಅಥವಾ ಗೆರೆಗಳು ಇವೆ. ಅದರ ಎರಡು ತುದಿಗೆ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಒಂದಕ್ಕೆ ಬಾಚಣಿಗೆಯ ಹಾಗೆ ಮೂರು ಹಲ್ಲು. ಅದು ‘ಇ’. ಅಂದರೆ ಖಾಲಿ. ಇನ್ನೊಂದಕ್ಕೆ ಎರಡೇ ಹಲ್ಲು. ಅದು ‘ಎಫ್’. ಅಂದರೆ ತುಂಬಿದೆ. ಮುಳ್ಳು ಮೂರು ಹಲ್ಲಿನ ಕಡೆಗೆ ಬಂದರೆ ಬಂಕ್‌ಗೆ ಹೋಗಬೇಕು.

ಮೀಟರಿನಲ್ಲಿ ಐದಾರು ಅಂಕಿಯ ಸಾಲೂ ಇರುತ್ತದೆ. ಗಾಡಿ ಇದುವರೆಗೆ ಎಷ್ಟು ಕಿ.ಮೀ. ಓಡಿದೆ ಎಂದು ಅದು ಹೇಳುತ್ತದೆ. ಕೆಲವು ಗಾಡಿಗಳಲ್ಲಿ ಕೊನೆಯ ಅಂಕಿಯ ಬಣ್ಣ ಬೇರೆ. ಅದು ಒಂದು ಕಿ.ಮೀ.ಯ ಹತ್ತನೇ ಒಂದು ಭಾಗ. ನಮ್ಮ ಲೆಕ್ಕಕ್ಕೆ ಅದನ್ನು ಬಿಡಬಹುದು.

ದೊಡ್ಡಕ್ಕನ ಲೆಕ್ಕ

ಬೈಕ್ ರಿಸರ್ವ್‌ಗೆ ಬಂದ ದಿನ ದೊಡ್ಡಕ್ಕ ಮೀಟರ್ ಓದಿದಳು. ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಳು: 24310. ಆ ದಿನವೇ 2 ಲೀಟರ್ ಹಾಕಿಸಿದರು. ನಲ್ಲಿಯನ್ನು ‘ಆನ್’ಗೆ ತಿರುಗಿಸಿದರು. ಮತ್ತೆ ರಿಸರ್ವ್‌ಗೆ ಬಂದಾಗ ಮೀಟರ್ ನೋಡಿದಳು: 24402.

24402 – 24310 = 92

2 ಲೀಟರಿಗೆ 92 ಕಿ.ಮೀ. ಹಾಗಾದರೆ 1 ಲೀಟರಿಗೆ 46 ಕಿ.ಮೀ.

ಆಮೇಲೆ ದೊಡ್ಡಕ್ಕ ಆ ರಾತ್ರಿಯ ಲೆಕ್ಕ ಮಾಡಿದಳು. ರಿಸರ್ವ್‌ನಲ್ಲಿ ಇದ್ದದ್ದು 1 ಲೀಟರ್. ಅದು 46 ಕಿ.ಮೀ. ಓಡುತ್ತದೆ. ಬುಧವಾರ, ಗುರುವಾರ ಸೇರಿ 32 ಕಿ.ಮೀ. ಖರ್ಚಾಯಿತು.

46 – 32 = 14

ಶಿವಮೊಗ್ಗಕ್ಕೆ 20 ಕಿ.ಮೀ. ಕಡಿಮೆ ಬಿದ್ದದ್ದು 6 ಕಿ.ಮೀ. ಲೆಕ್ಕಕ್ಕೆ ಲೀಟರಿಗೆ 100 ರೂಪಾಯಿ ಎಂದು ಇಟ್ಟುಕೊಳ್ಳಿ. 6 ಕಿ.ಮೀ.ಗೆ ಬೇಕಾದ ಪೆಟ್ರೋಲಿನ ಬೆಲೆ ಸುಮಾರು 13 ರೂಪಾಯಿ.

ದೊಡ್ಡಕ್ಕ ಆ ಹಾಳೆಯನ್ನು ಗಂಡನ ಮುಂದಿಟ್ಟಳು. ಅವನು ಅಂಕಿಗಳನ್ನು ಎರಡು ಸಲ ನೋಡಿದ.

“ಹದಿಮೂರು ರೂಪಾಯಿ” ಎಂದ. ಬೇರೆ ಏನೂ ಹೇಳಲಿಲ್ಲ.

ಮೂಲೆಯಲ್ಲಿ ಕೂತಿದ್ದ ಮಾವ ಮಾತಾಡಿದರು. “ನಮ್ಮಪ್ಪ ಕಾರ್ಖಾನೆಯಲ್ಲಿ ಇದ್ದಿಲ ಕುಲುಮೆ ಹತ್ರ ಇದ್ರು. ಕೊನೇ ಬುಟ್ಟಿ ಇದ್ದಿಲು ಮುಗೀಲಿ, ಆಮೇಲೆ ತರಿಸೋಣ ಅಂತ ಅಲ್ಲಿ ಯಾರೂ ಕಾಯ್ತಿರಲಿಲ್ಲ. ಕುಲುಮೆ ತಣ್ಣಗಾದ್ರೆ ಒಳಗಿನ ಕಬ್ಬಿಣ ಗಟ್ಟಿಯಾಗಿ ಕೂರುತ್ತೆ. ಆಮೇಲೆ ಎಷ್ಟು ಇದ್ದಿಲು ಸುರಿದ್ರೂ ಸುಲಭಕ್ಕೆ ಕರಗಲ್ಲ.”

“ನಂಗೂ ಗೊತ್ತಪ್ಪ. ಕೈಯಲ್ಲಿ ದುಡ್ಡು ಇರಬೇಕಲ್ಲ?” ಎಂದ ಗಂಡ.

ಅವನ ಮಾತು ಸುಳ್ಳಲ್ಲ. ಬಟವಾಡೆಗೆ ಮುಂಚೆ ಬಡವರ ಕೈ ಖಾಲಿ. ಟ್ಯಾಂಕ್ ತುಂಬಿಸಲು ನಮ್ಮಿಂದ ಆಗುವುದಿಲ್ಲ. ಆದರೆ ಇಲ್ಲಿ ಒಂದು ಲೆಕ್ಕ ಇದೆ. ಟ್ಯಾಂಕ್ ಬರಿದಾದಾಗ ಹಾಕಿಸಿದರೂ ಲೀಟರಿಗೆ ಅದೇ ಬೆಲೆ. 1 ಲೀಟರ್ ಉಳಿದಿರುವಾಗ ಹಾಕಿಸಿದರೂ ಅದೇ ಬೆಲೆ. ಹೆಚ್ಚಿನ ದುಡ್ಡು ಒಂದೇ ಒಂದು ಸಲ ಬೇಕು. ಆ 1 ಲೀಟರ್ ಟ್ಯಾಂಕಿನಲ್ಲಿ ಇಡುವುದಕ್ಕೆ. ಆಮೇಲೆ ವಾರದ ಖರ್ಚು ಮೊದಲಿನಷ್ಟೇ.

ದೊಡ್ಡಕ್ಕ ಎದ್ದು ಹೋಗಿ ಸಾಸಿವೆ ಡಬ್ಬಿಯಿಂದ 100 ರೂಪಾಯಿ ತಂದಳು.

“ಇದು ಟ್ಯಾಂಕಿನಲ್ಲೇ ಇರಲಿ” ಎಂದಳು.

ಬಂಕ್‌ನಲ್ಲಿ ನೋಡಿ

ಪೆಟ್ರೋಲ್ ಹಾಕುವ ಯಂತ್ರದಲ್ಲಿ ಮೂರು ಸಾಲು ಅಂಕಿ ಇರುತ್ತವೆ. ಒಂದು ರೂಪಾಯಿ. ಒಂದು ಲೀಟರ್. ಒಂದು ಲೀಟರಿನ ಬೆಲೆ. ಹಾಕುವ ಮೊದಲು ರೂಪಾಯಿ ಮತ್ತು ಲೀಟರ್ ಸಾಲಿನಲ್ಲಿ ಸೊನ್ನೆ ಇರಬೇಕು. ಸೊನ್ನೆ ನೋಡಿದ ಮೇಲೆಯೇ “ಹಾಕಿ” ಎನ್ನಿ. ಅಳತೆಯ ಮೇಲೆ ಅನುಮಾನ ಬಂದರೆ ಕೇಳಲು ಹೆದರಬೇಡಿ. ಬಂಕ್‌ಗಳಲ್ಲಿ 5 ಲೀಟರಿನ ಅಳತೆ ಪಾತ್ರೆ ಇಟ್ಟಿರಬೇಕು. ಅದರಲ್ಲಿ ಅಳೆದು ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು.

ಎಚ್ಚರಿಕೆ

1. ಟ್ಯಾಂಕಿನ ಒಳಗೆ ನೋಡಲು ಬೆಂಕಿಕಡ್ಡಿ ಗೀರಬೇಡಿ. ಬೀಡಿ, ದೀಪ ಹತ್ತಿರ ತರಬೇಡಿ.

2. ಪೆಟ್ರೋಲನ್ನು ಬಾಟಲಿಯಲ್ಲಿ ತುಂಬಿ ಮನೆಯಲ್ಲಿ ಇಡಬೇಡಿ. ಪೆಟ್ರೋಲಿನ ಆವಿ ಕಣ್ಣಿಗೆ ಕಾಣುವುದಿಲ್ಲ. ಅದು ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಒಲೆಯವರೆಗೂ ಹೋಗಬಹುದು. ಒಲೆ ದೂರ ಇದ್ದರೂ ಬೆಂಕಿ ಹತ್ತುತ್ತದೆ.

3. ರಾತ್ರಿ ದಾರಿಯಲ್ಲಿ ಗಾಡಿ ನಿಂತರೆ ರಸ್ತೆಯಿಂದ ಪೂರ್ತಿ ಕೆಳಗೆ ಇಳಿಸಿ.

4. ರೋಗಿಯನ್ನು ಸಾಗಿಸಬೇಕಾದರೆ ಬೈಕ್ ಬೇಡ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್‌ಗೆ ದುಡ್ಡು ಕೊಡಬೇಕಾಗಿಲ್ಲ.

ಈಗ ಆ ಮನೆಯಲ್ಲಿ

ದೊಡ್ಡಕ್ಕನ ಕ್ಯಾಲೆಂಡರ್ ಮೇಲೆ ಈಗ ಹಾಲಿನ ಲೆಕ್ಕದ ಪಕ್ಕ ಪೆಟ್ರೋಲಿನ ಲೆಕ್ಕವೂ ಇದೆ. ಶನಿವಾರ ಗಂಡ ಬಂಕ್‌ನಿಂದ ಬಂದು ಮೀಟರಿನ ಅಂಕಿ ಹೇಳುತ್ತಾನೆ. ದೊಡ್ಡಕ್ಕ ಬರೆಯುತ್ತಾಳೆ. ಬರೆಯುವ ಮುಂಚೆ ಒಂದು ಸಲ ಹೊರಗೆ ಹೋಗಿ ತಾನೇ ಮೀಟರ್ ನೋಡಿ ಬರುತ್ತಾಳೆ.

ಮೊಮ್ಮಗಳು ಈಗ ಅಂಬೆಗಾಲಿಡುತ್ತಾಳೆ. ಅವಳನ್ನು ನೋಡಲು ತಿಂಗಳಿಗೊಮ್ಮೆ ಇಬ್ಬರೂ ಶಿವಮೊಗ್ಗಕ್ಕೆ ಹೋಗುತ್ತಾರೆ. ಹೋಗಿ ಬರಲು 40 ಕಿ.ಮೀ. ಎಷ್ಟು ಪೆಟ್ರೋಲ್ ಬೇಕು ಎಂದು ದೊಡ್ಡಕ್ಕನಿಗೆ ಗೊತ್ತು.

ಉತ್ತರ ಹೇಳಿ

1. ಗುರುವಾರ ರಾತ್ರಿ ಬೈಕ್ ದಾರಿಯಲ್ಲಿ ಯಾಕೆ ನಿಂತಿತು?

2. ಮಗಳಿಗೆ ಕೊಟ್ಟ ರಕ್ತ ಎಲ್ಲಿಂದ ಬಂತು?

3. ಪೆಟ್ರೋಲ್ ಹಾಕಿಸಿದ ಮೇಲೆ ನಲ್ಲಿಯನ್ನು ಯಾವ ಕಡೆಗೆ ತಿರುಗಿಸಬೇಕು?

4. ಬುಧವಾರವೇ ಪೆಟ್ರೋಲ್ ಹಾಕಿಸಿದ್ದರೆ ಏನಾಗುತ್ತಿತ್ತು? ಗುಂಪಿನಲ್ಲಿ ಮಾತಾಡಿ.

ಲೆಕ್ಕ ಮಾಡಿ

ಒಂದು ಬೈಕ್ 3 ಲೀಟರಿಗೆ 150 ಕಿ.ಮೀ. ಓಡಿತು. 1 ಲೀಟರಿಗೆ ಎಷ್ಟು ಕಿ.ಮೀ.?

ಬರೆಯಿರಿ

ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಗಾಡಿಯ ಮೀಟರ್ ನೋಡಿ. ಅಂಕಿಯನ್ನು ಇಲ್ಲಿ ಬರೆಯಿರಿ: ....................

ಒಂದು ವಾರ ಬಿಟ್ಟು ಮತ್ತೆ ನೋಡಿ ಬರೆಯಿರಿ: ....................

ಗಾಡಿ ಓಡಿದ ದೂರ: .................... ಕಿ.ಮೀ.