ಮೊಬೈಲಿಗೆ ಒಗ್ಗುವ ಕಚೇರಿ ಕೆಲಸ

ಸದಸ್ಯ ಬಂಧುಗಳು ಹಲವರು ಕೇಳಿರುವ ಪ್ರಶ್ನೆಯೊಂದಿದೆ: "ಸಂಘದ ಲೆಕ್ಕವನ್ನು ಮೊಬೈಲಿನಲ್ಲೇ ನೋಡಬಹುದು ಎಂದಿರಿ. ತೋಟದಲ್ಲಿ ನಿಂತು ತೆರೆದರೆ ಒಂದಂಕಿಯೂ ಕಾಣುವುದಿಲ್ಲವಲ್ಲ?" ಆಕ್ಷೇಪಣೆ ನ್ಯಾಯವಾದದ್ದೇ. ಕಂಪ್ಯೂಟರಿನ ಹನ್ನೆರಡು ಅಂಕಣಗಳ ಖಾತೆಯನ್ನು ಅಂಗೈಯಗಲದ ಪರದೆಗೆ ಕುಗ್ಗಿಸಿದ ಮಾತ್ರಕ್ಕೆ ಅದು ಮೊಬೈಲಿಗೆ ಒಗ್ಗಿತು ಎನ್ನಲಾಗದು.

ಈ ವಿಷಯ ತಿಳಿಯಲು ಕಾಫಿ ಸೀಮೆಗಿಂತ ಕೋಲಾರದ ಚಿನ್ನದ ಗಣಿಯ ಊರು ಒಳ್ಳೆಯ ಪಾಠಶಾಲೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಸಾವಿರಾರು ಜನ ದುಡಿಮೆಗಾಗಿ ರೈಲು ಹಿಡಿದು ಬೆಂಗಳೂರಿಗೆ ಹೋಗಿಬರುವಂತಾಯಿತು. ಮಾರಿಕುಪ್ಪಂನಿಂದ ಹೊರಟ ಗಾಡಿ ಬಂಗಾರಪೇಟೆಯಲ್ಲಿ ಮುಖ್ಯ ಮಾರ್ಗಕ್ಕೆ ಸೇರುವ ಹೊತ್ತಿಗೆ ಕೂರಲು ಜಾಗ ಸಿಕ್ಕವನೇ ಪುಣ್ಯವಂತ. ನಿಂತವನಿಗೆ ಒಂದು ಕೈ ಕಂಬಿಗೆ, ಇನ್ನೊಂದು ಕೈ ಮೊಬೈಲಿಗೆ. ಕೆಲಸ ಮಾಡಲು ಉಳಿದದ್ದು ಒಂದು ಹೆಬ್ಬೆರಳು. "ಇಂದು ನಿಮ್ಮ ಪಾಳಿ ಬದಲಾಗಿದೆ, ಒಪ್ಪಿಗೆಯೇ?" ಎಂದು ಕಚೇರಿ ಕೇಳಿದರೆ ಆತ ಒಂದೇ ಒತ್ತಿನಲ್ಲಿ ಉತ್ತರಿಸುವಂತಿರಬೇಕು. ಮಳೆಯಲ್ಲಿ ಕೊಡೆ ಹಿಡಿದು ಚೆಕ್‌ರೋಲು ಬರೆಯುವ ನಮ್ಮ ರೈಟರನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ.

ಆ ಊರಿನ ಹಳಬರಿಗೆ ಇದು ಹೊಸ ಮಾತೇನೂ ಅಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಕೇಜನ್ನು ಇಳಿಸಿ ಎತ್ತುವ ಎಂಜಿನ್ ಚಾಲಕನಿಗೆ ಕೆಳಗಿನವರ ಮುಖ ಕಾಣದು, ಕೂಗು ಕೇಳದು. ಗಂಟೆಯ ಬಡಿತದ ಎಣಿಕೆಯೇ ಅಲ್ಲಿ ಭಾಷೆ: ನಿಲ್ಲಿಸು, ಇಳಿಸು, ಎತ್ತು, ಒಳಗೆ ಜನರಿದ್ದಾರೆ. ಸಂಕೇತಗಳು ಕೆಲವೇ; ಆದರೆ ಒಂದೊಂದಕ್ಕೂ ಒಂದೇ ಅರ್ಥ. ತಂತ್ರಾಂಶ ಮಾಡುವವರು ಮೊದಲು ಕಲಿಯಬೇಕಾದದ್ದು ಇದನ್ನೇ. ದೂರದಲ್ಲಿರುವ ಕೆಲಸಗಾರ ಏನೇನು ಮಾಡಬಲ್ಲ ಎಂದು ಪಟ್ಟಿ ಹಾಕುವ ಬದಲು, ಆತ ಅಲ್ಲಿಂದಲೇ ಮಾಡಲೇಬೇಕಾದ ನಾಲ್ಕು ಕೆಲಸ ಯಾವುವು ಎಂದು ಕೇಳಬೇಕು. ನಮ್ಮಲ್ಲಿ ಅವು ತೂಕ ದಾಖಲಿಸುವುದು, ಹಾಜರಿ, ಗೊಬ್ಬರದ ಬೇಡಿಕೆ ಮತ್ತು ಬಾಕಿ ನೋಡುವುದು. ಉಳಿದದ್ದು ಕಚೇರಿಯ ಮೇಜಿನ ಮೇಲೇ ಇರಲಿ.

"ಹಾಗಾದರೆ ವಾಟ್ಸ್ಆ್ಯಪ್ ಸಾಲದೇ?" ಎನ್ನುವವರಿದ್ದಾರೆ. 2009ರಲ್ಲಿ ಬಂದ ಅದು ಮೊಬೈಲಿಗಾಗಿಯೇ ಹುಟ್ಟಿದ್ದು, ಆದ್ದರಿಂದಲೇ ಎಲ್ಲರ ಕೈಗೂ ಒಗ್ಗಿತು. ಆದರೆ ಗುಂಪಿನಲ್ಲಿ ಹಾಕಿದ "ಚೆರ್ರಿ 42 ಮೂಟೆ" ಎಂಬ ಸಾಲು ಸಂಜೆಯೊಳಗೆ ಶುಭೋದಯದ ಚಿತ್ರಗಳ, ಮದುವೆಯ ಆಮಂತ್ರಣಗಳ ಅಡಿಯಲ್ಲಿ ಹೂತುಹೋಗುತ್ತದೆ. ಅದು ಸುದ್ದಿ, ದಾಖಲೆಯಲ್ಲ. ಮಾತುಕತೆ ಅಲ್ಲಿ ನಡೆಯಲಿ, ಲೆಕ್ಕ ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ಸಿಗ್ನಲ್ ಇಲ್ಲದ ಗಳಿಗೆ. ಹೋದ ಹಂಗಾಮಿನಲ್ಲಿ ನಮ್ಮ ಸಂಘದಲ್ಲೇ ನಡೆದದ್ದನ್ನು ಮುಚ್ಚಿಡುವುದಿಲ್ಲ. ಚಾಲಿ ಅಡಿಕೆ ತೂಗಿದ ಗುಮಾಸ್ತರು 'ಕಳುಹಿಸು' ಒತ್ತಿದರು. ಪರದೆ ಸುಮ್ಮನೆ ತಿರುಗುತ್ತಲೇ ಇತ್ತು. ಮತ್ತೊಮ್ಮೆ ಒತ್ತಿದರು. ಗುಡ್ಡದಿಂದ ಇಳಿದಾಗ ಎರಡೂ ಹೋಗಿ, ಒಬ್ಬ ಸದಸ್ಯರ ಖಾತೆಗೆ ಅದೇ ಮೂಟೆ ಎರಡು ಸಲ ಏರಿತು. ತಪ್ಪು ಹಿಡಿಯಲು ಎಂಟು ದಿನ, ಅಷ್ಟು ದಿನವೂ ಆ ಕುಟುಂಬಕ್ಕೆ ಹಣ ತಡೆ. ಮಗಳ ಕಾಲೇಜಿನ ಶುಲ್ಕದ ದಿನ ಅದರ ನಡುವೆ ಬಂದಿತ್ತು. ಅವರ ಮುಂದೆ ಕುಳಿತು ವಿವರಣೆ ಕೊಡುವಾಗ ನನಗಾದ ನಾಚಿಕೆ ಇಷ್ಟಿಷ್ಟಲ್ಲ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ದಾಖಲೆಯು ಮೊದಲು ಮೊಬೈಲಿನಲ್ಲೇ ಉಳಿಯಬೇಕು. ಬರೆದ ಕ್ಷಣದಲ್ಲೇ ಮೊಬೈಲು ಅದಕ್ಕೆ ರಸೀದಿಯಂತೆ ಒಂದು ಸಂಖ್ಯೆ ಕೊಡಬೇಕು. ಸಿಗ್ನಲ್ ಬಂದಾಗ ಅದೇ ಸಂಖ್ಯೆ ಹತ್ತು ಸಲ ಹೋದರೂ ಸಂಘದ ಕಂಪ್ಯೂಟರು ಒಂದೇ ಸಲ ಜಮಾ ಮಾಡಿಕೊಳ್ಳತಕ್ಕದ್ದು. 'ಕಾಯುತ್ತಿದೆ', 'ತಲುಪಿದೆ' ಎಂಬೆರಡು ಮಾತು ಪರದೆಯಲ್ಲಿ ಸ್ಪಷ್ಟವಾಗಿ ಕಾಣಬೇಕು. ಇನ್ನು ಇಬ್ಬರು ಒಂದೇ ದಾಖಲೆಯನ್ನು ತಿದ್ದಿದರೆ ಹಳೆಯದು ಅಳಿಯಬಾರದು. ಕೆಂಪು ಶಾಯಿಯಲ್ಲಿ ಹೊಡೆದು ಸಹಿ ಹಾಕುವ ನಮ್ಮ ಹಳೆಯ ಖಾತೆಪುಸ್ತಕದ ಪದ್ಧತಿಯೇ ಇಲ್ಲಿಯೂ ಸರಿ. ಮೊಬೈಲು ಕಳೆದರೆ ಅದರ ಪ್ರವೇಶವನ್ನು ಕಚೇರಿಯಿಂದಲೇ ರದ್ದುಪಡಿಸಲು ಬರಬೇಕೆಂಬುದನ್ನೂ ಮರೆಯಬಾರದು.

ಅಕ್ಷರದ ತೊಂದರೆಯೊಂದುಂಟು. ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಸುತ್ತೋಲೆ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದರೆ ಈ ಗೋಳಿಲ್ಲ. ನಮ್ಮ ಕಚೇರಿಯ ತಪ್ಪೂ ಇದರಲ್ಲಿತ್ತು, ಈಗ ತಿದ್ದಿಕೊಂಡಿದ್ದೇವೆ. ಓದಲು ಕಷ್ಟಪಡುವ ಹಿರಿಯರಿಗೆ ದನಿಯೇ ಮೇಲು. ಕಾಫಿ ಮಂಡಳಿಯು 2018ರ ಡಿಸೆಂಬರಿನಲ್ಲಿ ತನ್ನ ಕ್ಷೇತ್ರ ಸಿಬ್ಬಂದಿಗೆ 'ಕಾಫಿ ಕನೆಕ್ಟ್' ಎಂಬ ಆ್ಯಪನ್ನೂ, ಬೆಳೆಗಾರರಿಗೆ ಮೊಬೈಲ್ ಮೂಲಕ ಸಲಹೆ ನೀಡುವ 'ಕಾಫಿ ಕೃಷಿ ತರಂಗ'ವನ್ನೂ ಬೇರೆಬೇರೆಯಾಗಿ ಆರಂಭಿಸಿತು. ಎಲ್ಲರಿಗೂ ಒಂದೇ ಪರದೆ ಹೊಂದದು ಎಂಬ ತಿಳಿವಳಿಕೆ ಅದರಲ್ಲಿತ್ತು.

ಮುಂದಿನ ತಿಂಗಳು ಆಡಳಿತ ಮಂಡಳಿಯ ಮುಂದೆ ಎರಡು ತಂತ್ರಾಂಶಗಳ ಪ್ರದರ್ಶನವಿದೆ. ಮಾರಾಟಗಾರರ ಹೊಸ ಮೊಬೈಲಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಸದಸ್ಯರು ತಮ್ಮ ಹಳೆಯ, ಗಾಜು ಒಡೆದ ಮೊಬೈಲುಗಳನ್ನೇ ತರಬೇಕೆಂದು ಕೋರುತ್ತೇನೆ. ಪರೀಕ್ಷೆಯನ್ನು ಸಭಾಂಗಣದಲ್ಲಿ ಮಾಡುವುದಿಲ್ಲ. ಕಣದ ಬಿಸಿಲಿನಲ್ಲಿ, ಸಿಗ್ನಲ್ ಆರಿಸಿ, ಒಂದೇ ಕೈಯಲ್ಲಿ ಒಂದು ಮೂಟೆಯ ತೂಕ ಬರೆದು ನೋಡೋಣ.